ತಂತಿಯಿಲ್ಲದ ನಂಟು

ಅಂಗಡಿ ತೆರೆದು ಊದುಬತ್ತಿ ಹಚ್ಚುವಷ್ಟರಲ್ಲಿ ಸಂಪರ್ಕ ಮತ್ತೆ ಕಡಿಯಿತು. ಅಂಗಡಿಯ ಕಂಪ್ಯೂಟರ್ ಕೆಲಸದ ತೇಜಸ ಅದರ ರೇಡಿಯೋ ಕಾರ್ಡಿನ ಹಸಿರು ದೀಪವನ್ನೇ ನೋಡುತ್ತಿದ್ದ. ಕಣ್ಣು ಮಿಟುಕಿಸಿದಂತೆ ಮಾಡಿ ಅದು ಆರಿತು.

“ಏನೋ ತೇಜಸ, ನಿನ್ನ ಕಂಪ್ಯೂಟರಿಗೂ ಮುಂಜಾನಿ ಪೂಜಾ ಇರ್ತದೇನು? ಊಟದ ಹೊತ್ತಿಗೆ ಬರೋಬ್ಬರಿ ಏಳ್ತದ,” ಎಂದರು ಗಾದಿಯ ಮೇಲಿಂದ ಸಾತಲಿಂಗಪ್ಪ.

ಸೊಲ್ಲಾಪುರದ ಚಾದರ ವ್ಯಾಪಾರಿ ಅವರು. ಅಂಗಡಿ ಒಂದು ಗಲ್ಲಿಯಲ್ಲಿ, ಗೋದಾಮು ಹಿಂದಿನ ಗಲ್ಲಿಯಲ್ಲಿ. ನಡುವೆ ತೇಜಸನ ಬಾಡಿಗೆ ಮನೆ. ಅದರ ಮಾಳಿಗೆಯ ಮೇಲಿನ ಬಯಲಲ್ಲಿ ಹಾಯ್ದು, ತಂತಿಯಿಲ್ಲದೆ, ಎರಡು ಕಂಪ್ಯೂಟರುಗಳು ಮಾತಾಡುತ್ತಿದ್ದವು. ಜೋರು ಮಳೆಗೆ ಮಾತ್ರ ತೊದಲುತ್ತಿದ್ದವು. ವಿಂಡೋಸ್ ತೊಂಬತ್ತೆಂಟು ಹಾಕೋಣವೆಂದು ಹಟ ಹಿಡಿದವನು ತೇಜಸನೇ. ಹಾಕಿದ ದಿನವೇ ಕಾರ್ಡು ಕೈಕೊಟ್ಟಿತು. ಮಧ್ಯಾಹ್ನ ಮನೆಗೆ ಬಂದವನು ತಾಟು ಮುಟ್ಟದೆ ಎದ್ದುಹೋದ. ಸಂಜೆ ಕಾರ್ಡು ನಡೆಸುವ ಹೊಸ ಡ್ರೈವರ್ ತಂತ್ರಾಂಶ ಹಾಕಿದ, ದೀಪ ಹತ್ತಿತು. ಗೆದ್ದೆ ಅಂದುಕೊಂಡ. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಾಡು.

ಕಾಲ ಕೆಟ್ಟರೆ ಹಗ್ಗವೂ ಹಾವಾಗುತ್ತದೆ. ಕಾರ್ಡು ಬಿಚ್ಚಿ ಕೂಡಿಸಿದ. ವಿಂಡೋಸ್ ಅಳಿಸಿ ಮತ್ತೆ ಹಾಕಿದ. ಸಂಜೆ ಮನೆಯ ಮಾಳಿಗೆ ಹತ್ತಿ ನೋಡಿದರೆ ಅಂಗಡಿಯ ಆಂಟೆನಾ, ಗೋದಾಮಿನ ಆಂಟೆನಾ ಎದುರುಬದುರು. ನಡುವೆ ಒಂದು ಬಿದಿರಿನ ಗಳ ಬಿಟ್ಟರೆ ಬರೀ ಆಕಾಶ. ಮುಂಜಾನೆ ಹತ್ತಹೋದರೆ ತಾಯಿ ಜಾನಕೀಬಾಯಿ ಮೆಟ್ಟಿಲಲ್ಲೇ ತಡೆದಳು.

“ಸ್ನಾನ ಇಲ್ಲ ಏನಿಲ್ಲ, ಮ್ಯಾಲೆ ಎಲ್ಲಿ ಹೊಂಟಿ? ಮಡಿ ಅದ. ನಿನ್ನ ಡಬ್ಬಿ ಅಂಗಡ್ಯಾಗ ಕೆಟ್ಟದ, ಅಲ್ಲೇ ನೋಡು.”

ಬುಧವಾರ ಸಾತಲಿಂಗಪ್ಪ ಎದುರು ಕೂತಿರುವಾಗಲೇ ದೀಪ ಆರಿತು.

“ಹೊಸಾದು ಬೇಕಂದಿ. ಹಳೇದೂ ಹೋತು. ನಾಳಿಂದ ನೀ ಬರಬ್ಯಾಡಪ್ಪ.”

ತೇಜಸ ಮನೆಯಲ್ಲಿ ಬಾಯಿ ಬಿಡಲಿಲ್ಲ. ಗುರುವಾರ ಮೊದಲ ಬಸ್ಸಿಗೇ ಜಾನಕೀಬಾಯಿ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಹೋದಳು. ಸಂಜೆ ಅವಳು ಮರಳುವ ಮುನ್ನ ಅಂಗಡಿಯ ಗುಮಾಸ್ತ ಸಿದ್ದಣ್ಣ ಬಂದು ಬಾಗಿಲಲ್ಲೇ ನಿಂತ.

“ಇವತ್ತ ದೀಪ ಒಮ್ಮಿನೂ ಆರಲಿಲ್ಲ ನೋಡು. ನೀ ಕಾಲ ತಗದಿ, ಅದು ನೆಟ್ಟಗಾತು. ಬೇಕಂತ ನೀನೇ ಕೆಡಸ್ತಿದ್ದಿ ಅಂತ ಮಾಲಕರು ಪ್ಯಾಟಿ ತುಂಬ ಹೇಳ್ಯಾರ. ಇನ್ನ ಈ ಊರಾಗ ನಿನಗ ಕೆಲಸಾ ಯಾರು ಕೊಡ್ತಾರೋ ತಮ್ಮಾ?”

ಶುಕ್ರವಾರ ಮುಂಜಾನೆ ಜಾನಕೀಬಾಯಿಗೆ ಮೊಣಕಾಲು ನೋವು. “ಸ್ನಾನ ಆತಿಲ್ಲೋ? ಹಂಗಾದ್ರ ಈ ಬಕೀಟು ಮ್ಯಾಲೆ ಒಯ್ಯಿ,” ಎಂದಳು.

ಮಾಳಿಗೆಯಲ್ಲಿ ಅವಳು ನೀರು ತೊಟ್ಟಿಕ್ಕುತ್ತಿದ್ದ ಒಂಬತ್ತು ವಾರಿ ಸೀರೆಯನ್ನು ಬಕೀಟಿನಿಂದ ಕೋಲಿನಲ್ಲಿ ಎತ್ತಿ, ಪದರು ಪದರಾಗಿ ಆ ಗಳದ ಮೇಲೆ ಹರವಿದಳು. ಗೋದಾಮಿನ ಆಂಟೆನಾ ಸೀರೆಯಾಚೆ ಮರೆಯಾಯಿತು. ತೇಜಸ ಹೊರಳಿ ನೋಡಿದ. ಅಂಗಡಿಯದು ನೆಟ್ಟಗೆ ಅವನ ಬೆನ್ನಿಗಿತ್ತು.

“ಆಯಿ, ಇದು ದಿನಾ ಇಲ್ಲೇ ಒಣಗ್ತದೇನು?”

“ಮೊದಲೆಲ್ಲ ಒಳಗ ಒಣಗ್ತಿತ್ತು. ಅವತ್ತ ನೀ ಉಣಲಾರದ ಎದ್ದುಹೋದ್ಯಲ್ಲ, ಅವತ್ತಿಂದ ಹರಕಿ ಹೊತ್ತೀನಿ. ದಿನಾ ಮುಂಜಾನಿ ಒದ್ದಿ ಸೀರಿ ಉಟ್ಟು ತುಳಸಿಗೆ ಸುತ್ತು ಹಾಕಿ, ಆಮ್ಯಾಲೆ ಇಲ್ಲಿ ಹರವ್ತೀನಿ. ನನ್ನ ಮಗನ ಕೆಲಸಾ ಉಳೀಲಿ ಅಂತ.”