ಆವಿಯಾಗುವ ಪೆಟ್ರೋಲು

ಟ್ಯಾಂಕಿನಲ್ಲಿ ಮತ್ತೆ ಪೆಟ್ರೋಲು ಇಳಿದಿತ್ತು. ಅಳತೆ ಕಡ್ಡಿಯನ್ನು ಬೆಳಕಿಗೆ ಹಿಡಿದು ಮೇಲ್ವಿಚಾರಕರು ಹುಬ್ಬು ಗಂಟಿಕ್ಕಿದರು.

"ಆವಿಯಾಗಿದೆ. ಹಳೇ ಕಾರುಗಳಲ್ಲಿ ಇದೆಲ್ಲ ಮಾಮೂಲು."

"ಹೌದಾ?" ಹೆಂಡತಿ ಸ್ಪ್ಯಾನರು ಒರೆಸಿ ಕೈಗೆ ಕೊಟ್ಟಳು.

ವಿಮಾ ಕಚೇರಿಯಲ್ಲಿ ಅವರು ಹನ್ನೆರಡು ಜನರಿಗೆ ಮೇಲ್ವಿಚಾರಕರು. ಮನೆಯ ಶೆಡ್ಡಿನಲ್ಲಿ ಅಪ್ಪನ ಕಾಲದ ಒಂದು ಕಾರಿಗೆ. ಎಂಜಿನ್ನು ಬಿಚ್ಚಿ ಮತ್ತೆ ಜೋಡಿಸಿ ಎಂಟು ತಿಂಗಳಾಗಿತ್ತು. ಜೋಡಿಸಿದ ಪ್ರತಿ ಭಾಗದ ಮೇಲೂ ಸೀಮೆಸುಣ್ಣದಲ್ಲಿ ಸಹಿ ಹಾಕಿದ್ದರು. ಸಹಿ ಬಿದ್ದದ್ದನ್ನು ಮತ್ತೆ ತೆರೆಯುವ ಪದ್ಧತಿ ಕಚೇರಿಯಲ್ಲೂ ಇರಲಿಲ್ಲ, ಶೆಡ್ಡಿನಲ್ಲೂ ಇರಲಿಲ್ಲ. ಹಾಗಾಗಿ ಎಂಜಿನ್ನು ಸ್ಟಾರ್ಟ್ ಆಗದಿದ್ದರೆ ತಪ್ಪು ಯಾವಾಗಲೂ ಬೇರೆಯವರದು: ಪೆಟ್ರೋಲಿನದು, ಹವೆಯದು, ಟಾರ್ಚು ಹಿಡಿದ ಹೆಂಡತಿಯದು. ಹೊಸ ಕ್ಲಚ್ಚು ಕೂತಲ್ಲೇ ಸವೆದದ್ದಕ್ಕೆ ಅಂಗಡಿಯವನನ್ನು ಬೈದರು. ಬಂಪರಿನ ಹೊಸ ಗೀರಿಗೆ ಪಕ್ಕದ ಮನೆಯ ಬೆಕ್ಕು ಸಿಕ್ಕಿಬಿತ್ತು.

"ಭಾವ, ಮೇಲೊಂದು ಹೂಕುಂಡ ಇಟ್ಬಿಡಿ," ಎಂದ ಹೆಂಡತಿಯ ತಮ್ಮ. "ನೋಡೋಕಾದ್ರೂ ಚೆನ್ನಾಗಿರುತ್ತೆ."

ಅದು ನಾಟಿತು. "ಈ ಭಾನುವಾರ ಸ್ಟಾರ್ಟ್ ಆದ್ರೆ ಸೋಮವಾರದಿಂದ ಇದ್ರಲ್ಲೇ ಆಫೀಸು. ಆಗ್ದಿದ್ರೆ ಗುಜರಿಗೆ!"

ಟಾರ್ಚು ಅಲುಗಿತು.

"ನೆಟ್ಟಗೆ ಹಿಡಿಯೇ!"

"ಎರಡೂ ಬೇಡಾರೀ. ಇದ್ದ ಹಾಗೆ ಇರ್ಲಿ."

"ಇದ್ದು ನಿನಗೇನು ಲಾಭ?"

"ಏನೋ, ಅಭ್ಯಾಸ ಆಗ್ಬಿಟ್ಟಿದೆ."

ಭಾನುವಾರ ಗುಜರಿಯವನು ಹಗ್ಗ ತಂದ. ಭಾವಮೈದುನ ಕುರ್ಚಿ ತಂದ. ಹನ್ನೊಂದು ಸಲ ಕೀ ತಿರುಗಿತು. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಗುಜರಿಯವನು ಹಗ್ಗದ ಗಂಟು ಬಿಚ್ಚತೊಡಗಿದ.

"ರೀ, ನಾನೊಂದ್ಸಲ ನೋಡ್ಲಾ?"

ಮೇಲ್ವಿಚಾರಕರು ಮನಸಾರೆ ನಕ್ಕರು. "ನೀನಾ? ನೀನು ಸ್ಟಾರ್ಟ್ ಮಾಡಿದ್ರೆ ಕಾರು ನಿಂದೇ. ಬೇಕಾದ್ರೆ ಬರ್ಕೊಡ್ತೀನಿ."

"ಬರ್ಕೊಡಿ."

ಗುಜರಿಯವನ ರಸೀದಿ ಹಾಳೆಯ ಹಿಂಬದಿಯಲ್ಲಿ ಬರೆದು, ಎಂದಿನಂತೆ ಠೀವಿಯಿಂದ ಸಹಿ ಹಾಕಿದರು. ಭಾವಮೈದುನ ಸಾಕ್ಷಿ. ಅವಳು ಹಾಳೆ ಮಡಚಿ ಪರ್ಸಿಗೆ ಹಾಕಿಕೊಂಡು, ಅದರಿಂದಲೇ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ವಸ್ತುವೊಂದನ್ನು ತೆಗೆದಳು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಕೈ ಹಾಕಿದಳು.

"ಏಯ್! ಅದಕ್ಕೆ ಸಹಿ ಆಗಿದೆ!"

"ಒಳಗಿನ ರೋಟರು ಬಿರುಕು ಬಿಟ್ಟಿದೇರೀ."

"ಹೊಸದು ಹಾಕಿದ್ದೆನಲ್ಲ?"

"ಅದೇ ಇದು, ನನ್ನ ಕೈಲಿರೋದು. ಒಳಗಿರೋದು ಹಳೇದು." ಒಳಗಿದ್ದದ್ದನ್ನು ತೆಗೆದು, ಕೈಯಲ್ಲಿದ್ದದ್ದನ್ನು ಕೂರಿಸಿ, ಮುಚ್ಚಳ ಹಾಕಿದಳು.

ಒಂದೇ ಸಲ ಕೀ. ಎಂಜಿನ್ನು ಗುರ್ರೆಂದಿತು. ಆ ಸದ್ದಿನಲ್ಲಿ ಅವಳ ಮಾತಿನ ಅರ್ಥ ಮೇಲ್ವಿಚಾರಕರ ತಲೆಗೆ ಇಳಿಯಲಿಲ್ಲ. "ನನ್ನ ಜೋಡಣೆ ನೋಡಿದ್ಯೇನೋ?" ಎಂದು ಭಾವಮೈದುನನಿಗೆ ಬೀಗುತ್ತ ಕಾರಿನ ಬಳಿಗೆ ಬಂದರು. ಡ್ರೈವರ್ ಸೀಟಿನಲ್ಲಿ ಜಾಗವಿರಲಿಲ್ಲ. ಪಕ್ಕದಲ್ಲಿ ಕೂತರು.

"ನಿಧಾನ! ಬ್ರೇಕ್ ಯಾವ್ದು ಅಂತ ಗೊತ್ತಾ?"

ಅವಳು ಕನ್ನಡಿ ಸರಿಮಾಡಿ, ಇಕ್ಕಟ್ಟಿನ ಗೇಟಿನಿಂದ ಒಂದೇ ಏಟಿಗೆ ಹಿಂದಕ್ಕೆ ತೆಗೆದಳು. ಬೀದಿಯ ತಿರುವಿನಲ್ಲಿ ಟೈಲರಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿ, ಕಿಟಕಿಯೊಳಗೆ ಬಗ್ಗಿದಳು.

"ಟೀಚರ್, ಭಾನುವಾರಾನೂ ಕ್ಲಾಸಾ? ಇವರು ಹೊಸಬರಾ? ಹೆದರ್ಬೇಡಿ ಸಾರ್, ನಮ್ಮ ಮಧ್ಯಾಹ್ನದ ಬ್ಯಾಚಲ್ಲಿ ಎಂಟು ಜನಕ್ಕೂ ಹದಿನೈದೇ ದಿನಕ್ಕೆ ಡ್ರೈವಿಂಗ್ ಬಂತು!"