ಹನ್ನೆರಡರ ಒಳಗೆ

ಒಂದು ಗಂಟೆಯ ದಾರಿಯಷ್ಟು ದೂರದಲ್ಲೇ ಬದುಕಿದ್ದರೂ ಗುಡ್ಡದ ಮೇಲಿನ ಅರಮನೆಯ ಒಳಗೆ ಕಾಲಿಡುವ ಅವಕಾಶ ರೋಸ್ವಿತಾಗೆ ಅರವತ್ತು ವರ್ಷವಾದರೂ ಸಿಕ್ಕಿರಲಿಲ್ಲ. ಇವತ್ತು ಟಿಕೆಟ್ ಇತ್ತು. ಒಳಗೆ ಬಿಡುವುದು ಗುಂಪು ಗುಂಪಾಗಿ; ಅವರ ಗುಂಪಿನ ಪ್ರವೇಶ ಹನ್ನೆರಡು ಗಂಟೆ ಐದು ನಿಮಿಷಕ್ಕೆ, ತಡವಾದರೆ ಟಿಕೆಟ್ ರದ್ದು. ಗಂಡ ಆಲೋಯಿಸ್ ಅರಮನೆಯ ಗೇಟಿಗೆ ಹೋಗುವ ಏರಿನ ಬುಡದ ಹೋಟೆಲಿನಲ್ಲಿ ಕೂತು ಬಿಳಿ ಸಾಸೇಜಿನ ಸಿಪ್ಪೆ ಸುಲಿಯುತ್ತಿದ್ದ.

“ಏಳು ಮಾರಾಯ, ಆಮೇಲೆ ತಿನ್ನು.”

“ಆಮೇಲಾ? ಹನ್ನೆರಡು ಹೊಡೆದ ಮೇಲೆ ನಮ್ಮ ಕಡೆ ಯಾರಾದ್ರೂ ಬಿಳಿ ಸಾಸೇಜು ಮುಟ್ತಾರಾ? ನಾನೇನು ಬರ್ಲಿನ್‌ನವನಾ?”

“ಮದುವೆ ದಿನಾನೂ ಹಿಂಗೇ ನನ್ನನ್ನ ಚರ್ಚಿನ ಮುಂದೆ ನಿಲ್ಸಿದ್ದೆ.”

“ಅವತ್ತು ಪಾದ್ರಿನೂ ನನ್ ಜೊತೆ ತಿಂತಿದ್ರಲ್ಲೇ! ಇನ್ನೊಂದೇ ಇದೆ, ಕೂತ್ಕೋ.”

ಅವನು ಸಿಹಿ ಸಾಸಿವೆ ಗೊಜ್ಜಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ರೋಸ್ವಿತಾ ತನ್ನ ಚೀಲದಿಂದ ಅವನ ಟಿಕೆಟ್ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟು, ತನ್ನದನ್ನು ಹಿಡಿದುಕೊಂಡು ಏರು ಹತ್ತಿದಳು.

ಅವನು ಬಾಯಿ ಒರೆಸುತ್ತ ಓಡಿ ಬಂದಾಗ ಅವಳು ಗೇಟಿನ ಆಚೆ ಇದ್ದಳು. ಗೇಟಿನ ಫಲಕದ ಮೇಲೆ ಆಗಲೇ ಮುಂದಿನ ಗುಂಪಿನ ಸಂಖ್ಯೆ ಬಂದಾಗಿತ್ತು. ಅವನ ಟಿಕೆಟಿಗೆ ಗೇಟು ತೆರೆಯಲಿಲ್ಲ.

“ರೋಸಿ, ಹೊರಗೆ ಬಾರೇ! ಇನ್ನೊಂದ್ಸಲ ಇಬ್ಬರೂ ಒಟ್ಟಿಗೆ ಬರೋಣ!”

ಅವಳು ತಿರುಗಿ ನೋಡಿ ಕೈ ಬೀಸಿದಳು. ಆಮೇಲೆ ಗುಂಪಿನ ಹಿಂದೆ ಒಳಗೆ ಹೋದಳು. ಆಲೋಯಿಸ್‌ಗೆ ನೋಡಲು ತಪ್ಪಿದ್ದು ಅರಮನೆಯ ಹದಿನಾಲ್ಕು ಕೋಣೆ.