ಕರಿತೋಡಿನ ಚಿಟ್ಟೆಗೆ ಎರಡು ಹೆಸರು

"ಬರ್ಕೊಡಲ್ಲ ಅಂದ್ರೆ ಬರ್ಕೊಡಲ್ಲ" ಎಂದು ಸಿದ್ದರಾಜು ತನ್ನ ಪ್ರೆಸ್ಸಿನ ಶಟರ್ ಅರ್ಧ ಎಳೆದ. ಉಷಾರಾಣಿ ಬಗ್ಗಿ ಒಳಗೆ ನುಗ್ಗಿದಳು.

"ನಾಳೆ ಮಧ್ಯಾಹ್ನ ಮೀಟಿಂಗು. ಇವತ್ತು ನಿಮ್ಮ ಸಹಿ ಸಿಗದಿದ್ರೆ ತೋಡು ಹೋದಂಗೇ."

ಶ್ರೀಮಂಗಲದ ಆಚೆ, ಕಾಫಿ ತೋಟಗಳ ನಡುವೆ ಹರಿಯುವ ಕರಿತೋಡು ದೊಡ್ಡ ಹೊಳೆಯೇನಲ್ಲ. ಒಂದು ಜೀಪು ಅಡ್ಡ ನಿಂತರೆ ಮುಚ್ಚಿಹೋಗುವಷ್ಟು ಅಗಲ. ಆದರೆ ಅಲ್ಲಿರುವ ಒಂದು ಜಾತಿಯ ಏರೋಪ್ಲೇನ್ ಚಿಟ್ಟೆ ಬೇರೆಲ್ಲೂ ಕಂಡಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ಉಷಾರಾಣಿ ವರ್ಷಗಟ್ಟಲೆ ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ನೋಡಿದವಳು.

ಆ ಚಿಟ್ಟೆಗೀಗ ಎರಡು ವೈಜ್ಞಾನಿಕ ಹೆಸರು. ಒಬ್ಬರು ಗಂಡನ್ನು ಹಿಡಿದು 'ಚಿದಾನಂದೈ' ಎಂದು ಕರೆದರು. ಅದೇ ವರ್ಷ ಇನ್ನೊಬ್ಬರಿಗೆ ಹೆಣ್ಣು ಸಿಕ್ಕಿತು. ಬಣ್ಣ ಬೇರೆ ಇದ್ದದ್ದರಿಂದ ಜಾತಿಯೇ ಬೇರೆ ಎಂದುಕೊಂಡು, ತೋಡಿನ ಮೇಲೆ 'ಕರಿತೋಡೆನ್ಸಿಸ್' ಎಂದು ಹೆಸರಿಟ್ಟರು. ಆಮೇಲೆ ಎರಡೂ ಜೋಡಿಯಾಗಿ ಹಾರುವುದು ಕಣ್ಣಿಗೆ ಬಿತ್ತು. ಇಂಥದ್ದಕ್ಕೆ ನಿಯಮ ಸರಳ. ಮೊದಲು ಅಚ್ಚಾಗಿ ಹೊರಬಂದ ಹೆಸರು ಉಳಿಯುತ್ತದೆ. ತಡವಾಗಿ ಬಂದದ್ದು ಸಮಾನನಾಮವೆಂದು ಅದರ ಕೆಳಗೆ ಬೀಳುತ್ತದೆ. ಇಟ್ಟವರೇ ಬಂದು ಬೇಡವೆಂದು ಅತ್ತರೂ ಹೆಸರು ಹೋಗುವುದಿಲ್ಲ. ಅದನ್ನು ಬೀಳಿಸಬಲ್ಲದ್ದು ದಿನಾಂಕ ಮಾತ್ರ.

ಚಿದಾನಂದ ಎಂದರೆ ಎಸ್ಟೇಟ್ ಓನರ್. ತೋಡಿಗೆ ಇಳಿಯುವ ದಾರಿ ಅವನ ಗೇಟಿನೊಳಗಿಂದಲೇ. ಗೇಟು ತೆಗೆದವರ ಹೆಸರನ್ನು ಹುಳಹುಪ್ಪಟೆಗೆ ಇಡುವುದು ಈ ಶಾಸ್ತ್ರದವರ ಹಳೆಯ ಚಾಳಿ. ಈಗ ಅವನು ತೋಡಿಗೆ ಅಡ್ಡಗಟ್ಟೆ ಕಟ್ಟಿ, ದೋಣಿ ಬಿಟ್ಟು, 'ಚಿದಾನಂದ ಚಿಟ್ಟೆ ಪಾರ್ಕ್' ಮಾಡುತ್ತೇನೆಂದು ಅರ್ಜಿ ಹಾಕಿದ್ದ. ನಿಂತ ನೀರಿನಲ್ಲಿ ಈ ಚಿಟ್ಟೆಯ ಮರಿಗಳು ಉಳಿಯುವುದಿಲ್ಲ. ಇಂಥ ಅರ್ಜಿಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಅಧಿಕಾರಿಗೆ ಉಷಾರಾಣಿ ಅದನ್ನು ಬಿಡಿಸಿ ಹೇಳಿದ್ದಳು. ಆತ ನಕ್ಕಿದ್ದ.

"ಅದಕ್ಕೆ ಅವರ ಹೆಸರೇ ಇದೆಯಲ್ಲ ಮೇಡಂ! ಅವರಿಗಿಂತ ಚೆನ್ನಾಗಿ ಇನ್ಯಾರು ನೋಡ್ಕೊಳ್ತಾರೆ? ಆ ಹೆಸರು ಬಿದ್ದ ದಿನ ಬನ್ನಿ, ಅರ್ಜಿ ವಾಪಸ್ ಕಳಿಸೋಣ."

'ಚಿದಾನಂದೈ' ಬಂದ ಪತ್ರಿಕೆಯ ಮುಖಪುಟದಲ್ಲಿ ಜುಲೈ ಎಂದಿತ್ತು. 'ಕರಿತೋಡೆನ್ಸಿಸ್' ಹೊರಬಿದ್ದದ್ದು ದಸರೆಯ ಹೊತ್ತಿಗೆ. ಕಾಗದದ ಮೇಲೆ ಚಿದಾನಂದನೇ ಮುಂದೆ. ಆದರೆ ಸಣ್ಣ ಪತ್ರಿಕೆಗಳ ಪದ್ಧತಿ ಉಷಾರಾಣಿಗೆ ಚೆನ್ನಾಗಿ ಗೊತ್ತು. ಎಷ್ಟೇ ತಡವಾಗಿ ಅಚ್ಚಾದರೂ, ಸಂಚಿಕೆ ತಪ್ಪಿಲ್ಲವೆಂದು ತೋರಿಸಲು ಹಳೆಯ ತಿಂಗಳನ್ನೇ ಹಾಕಿಬಿಡುತ್ತಾರೆ. ಆ ಜುಲೈ ಸಂಚಿಕೆಯನ್ನು ಅಚ್ಚು ಹಾಕಿದ್ದು ಕುಶಾಲನಗರದ ಈ ಸಿದ್ದರಾಜು.

"ಅವತ್ತು ಬೇಗ ಬೇಗ ಅಂತ ನನ್ನ ಪ್ರಾಣ ಹಿಂಡಿದ್ದಾಯ್ತು" ಅವನು ಗೊಣಗಿದ. "ಇವತ್ತು ತಡ ಆಯ್ತು ಅಂತ ಬರ್ಕೊಡ್ಬೇಕು. ಅದೂ ನೀವು ಬಂದು ಕೇಳೋದು!"

"ನಾನಲ್ದೆ ಇನ್ಯಾರು ಕೇಳ್ತಾರೆ?"

"ತಾರೀಕು ಸುಳ್ಳು ಅಂತ ನಾನೇ ಬರ್ಕೊಟ್ರೆ ನಾಳೆ ಮದುವೆ ಕಾರ್ಡೂ ಯಾರೂ ಕೊಡಲ್ಲ ಮೇಡಂ. ಮುಹೂರ್ತ ಮುಗಿದ್ಮೇಲೆ ಪ್ರಿಂಟ್ ಮಾಡ್ತಾನೆ ಅಂತಾರೆ."

ಅವಳಿಗೆ ನಗು ಬರಲಿಲ್ಲ. ಕೈ ಮುಗಿದಳು. ಅವನು ಮುಖ ತಿರುಗಿಸಿದ. ಕಾಲು ಹಿಡಿಯುವುದೊಂದು ಬಾಕಿ. ಅದಕ್ಕೂ ತಯಾರಾಗಿದ್ದವಳು ಏನೋ ಹೊಳೆದು ಕೇಳಿದಳು:

"ಆ ಆಗಸ್ಟ್‌ನಲ್ಲಿ ಕಾವೇರಿ ನುಗ್ಗಿದಾಗ ಇಲ್ಲಿ ಎಷ್ಟು ನೀರಿತ್ತು?"

ಸಿದ್ದರಾಜು ಶಟರ್ ಬಿಟ್ಟು ಇತ್ತ ತಿರುಗಿದ. "ಎಷ್ಟಾ? ಆ ಫ್ಯಾನ್ ನೋಡಿ, ಅದರ ರೆಕ್ಕೆ ಮುಟ್ಟಿತ್ತು! ಹಳೇ ಮಷೀನು ಕೆಸರಲ್ಲಿ ಎಮ್ಮೆ ಮಲಗಿದಂಗೆ ಮಲಗಿತ್ತು. ಹೊಸದು ಬಂದಿದ್ದು ದೀಪಾವಳಿ ಕಳೆದ ಮೇಲೆ."

"ಆ ಸಂಚಿಕೆ?"

"ಹೊಸ ಮಷೀನಲ್ಲಿ ಮೊದಲು ಹಾಕಿದ್ದೇ ಅದು."

"ಹಂಗಾದ್ರೆ ಸುಳ್ಳು ಅಂತ ಬರೀಬೇಡಿ. ಹೊಳೆ ಬಂತು, ಮಷೀನು ಮುಳುಗಿತು, ದೀಪಾವಳಿ ಆದ್ಮೇಲೆ ಅಚ್ಚಾಯ್ತು ಅಂತ ಬರೀರಿ. ಹೊಳೆ ಬಂದಿದ್ದು ನಿಮ್ಮ ತಪ್ಪಾ?"

ಸಿದ್ದರಾಜು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಪೆನ್ನು ಹುಡುಕಿದ.

ಬಸ್‌ಸ್ಟ್ಯಾಂಡಿಗೆ ಓಡುತ್ತಲೇ ಅವಳು ಆ ಕಾಗದದ ಫೋಟೊ ಮೈಸೂರಿಗೆ ಕಳಿಸಿದಳು. ಅಲ್ಲಿನ ತೀರ್ಥಪ್ರಸಾದ್ ಏರೋಪ್ಲೇನ್ ಚಿಟ್ಟೆಗಳ ಹೆಸರುಪಟ್ಟಿ ತಿದ್ದುವವರು; ಸಮಿತಿ ನಂಬುವುದು ಅವರ ಪಟ್ಟಿಯನ್ನೇ. ಬಸ್ಸು ಬರುವ ಮೊದಲೇ ಅವರ ಫೋನು ಬಂತು.

"ಪುರಾವೆ ಗಟ್ಟಿಯಾಗಿದೆಯಮ್ಮ. ಆದ್ರೆ ಇನ್ನೊಂದ್ಸಲ ಯೋಚನೆ ಮಾಡು. 'ಚಿದಾನಂದೈ' ಬಿದ್ರೆ ಮತ್ತೆ ಏಳಲ್ಲ. ಅದನ್ನಿಟ್ಟವರಿಗೆ ಜನ್ಮಕ್ಕೆಲ್ಲ ಇರೋದು ಅದೊಂದೇ ಹೆಸರು."

"ಗೊತ್ತು ಸರ್."

"ಪ್ರಮೋಷನ್ನೂ ಅದರ ಮೇಲೇ ನಿಂತಿರುತ್ತೆ."

"ನಿಂತಿರ್ಲಿ ಸರ್. ತೋಡು ನಿಲ್ಲಬಾರದು. ದಮ್ಮಯ್ಯ, ಬೆಳಿಗ್ಗೆಯೊಳಗೆ ತಿದ್ದಿ ಕಳಿಸಿ." ಅವಳ ದನಿ ಒಡೆಯಿತು. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲ ಸರಿಸಿ ಕೂರಲು ಜಾಗ ಮಾಡಿಕೊಟ್ಟಳು.

ಮರುದಿನ ಮೀಟಿಂಗಿಗೆ ಮೊದಲು ತಿದ್ದಿದ ಪಟ್ಟಿ ಬಂತು. ತೋಡಿನ ಹೆಸರು ಮೇಲೆ, ಓನರ್ ಹೆಸರು ಕೆಳಗೆ. ಅಧಿಕಾರಿ ಎರಡು ಸಲ ಓದಿದ. ಆಡಿದ ಮಾತು ನೆನಪಿದ್ದುದರಿಂದ ಅರ್ಜಿಯನ್ನು ವಾಪಸ್ ಕಳಿಸುವ ಫೈಲುಗಳ ಮೇಲೆ ಹಾಕಿದ. ಉಷಾರಾಣಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಗೆದ್ದವಳ ಹಾಗೆ ಕಾಣುತ್ತಿರಲಿಲ್ಲ.

ಫೋನು ಬಡಿದುಕೊಂಡಿತು. ಚಿದಾನಂದ.

"ಯಾರೋ ಹೊಟ್ಟೆಕಿಚ್ಚಿನವರು ನನ್ನ ಹೆಸರು ತೆಗೆಸಿಬಿಟ್ಟಿದ್ದಾರಂತೆ! ನೀವು ಸುಮ್ಮನಿರಬೇಡಿ ಮೇಡಂ, ಅದಕ್ಕೆ ನನ್ನ ಹೆಸರಿಟ್ಟವರು ನೀವೇ ಅಲ್ವಾ?"